ಸಿಂಥಸೈಜರಿಗೂ ಒಂದು ಕಿವಿಯುಂಟು

ಕುಷ್ಟಗಿ ತಾಲೂಕಿನ ಹನುಮಸಾಗರದ ಸೀಮೆಯಲ್ಲಿ ಜಾತ್ರೆಯ ಕಾಲ ಬಂತೆಂದರೆ ನಾಟಕದ ಹ್ಯಾಂಡ್‌ಬಿಲ್ಲುಗಳು ಗೋಡೆ ಹತ್ತುತ್ತವೆ. ನಾಟಕ ಬರೆದ ಕವಿಗಳು, ರಂಗಸಜ್ಜಿಕೆಯವರು, ಸ್ತ್ರೀ ಪಾತ್ರಕ್ಕೆ ಬರುವ ಕಲಾವಿದೆಯರು, ಇಷ್ಟೆಲ್ಲ ಆದ ಮೇಲೆ ಕೆಳಗೆ ಸಂಗೀತದವರ ಸಾಲು. ಹಾರ್ಮೋನಿಯಂ ಮಾಸ್ತರರು ಇಂಥವರು, ತಬಲಾ ಇಂಥವರು, ಅವರ ಪಕ್ಕದಲ್ಲೇ ‘ಕ್ಯಾಶಿಯೋ’ ಮತ್ತು ‘ರಿದಂ ಪ್ಯಾಡ್’. ಕ್ಯಾಶಿಯೋ ಎಂಬುದು ಜಪಾನಿನ ಒಂದು ಕಂಪನಿಯ ಹೆಸರು. ಲೆಕ್ಕದ ಯಂತ್ರ, ಕೈಗಡಿಯಾರ ಮಾಡುತ್ತಿದ್ದ ಆ ಕಂಪನಿ 1980ರಲ್ಲಿ ವಾದ್ಯಗಳ ವ್ಯಾಪಾರಕ್ಕೂ ಇಳಿಯಿತು. ನಮ್ಮಲ್ಲಿಗೆ ಬರುವಷ್ಟರಲ್ಲಿ ಅಂಕಿತನಾಮ ರೂಢನಾಮವಾಗಿತ್ತು. ಯಮಹಾದ ಪೆಟ್ಟಿಗೆ ತಂದರೂ ಅದು ಕ್ಯಾಶಿಯೋವೇ, ರೋಲ್ಯಾಂಡಿನದಾದರೂ ಕ್ಯಾಶಿಯೋವೇ.

ಈ ಪೆಟ್ಟಿಗೆಯ ಮೇಲೆ ನಮ್ಮ ಕಡೆಯ ವಾದ್ಯಗಾರರಿಗೆ ಒಂದು ತಕರಾರು ಉಂಟು, ಅದು ಸುಳ್ಳೂ ಅಲ್ಲ. ಒಂದು ಗುಂಡಿ ಒತ್ತಿದರೆ ಕ್ಲಾರಿಯೋನೆಟ್, ಇನ್ನೊಂದು ಒತ್ತಿದರೆ ಪಿಟೀಲು, ಮತ್ತೊಂದಕ್ಕೆ ಶಹನಾಯಿ. ಅಷ್ಟೂ ಮಂದಿಗೆ ಪಗಾರ, ಊಟ, ವಸತಿ ಕೊಡುವುದಕ್ಕಿಂತ ಒಬ್ಬನಿಗೆ ಕೊಟ್ಟರೆ ಸಾಕಲ್ಲ ಎಂದು ಕಂತ್ರಾಟುದಾರನಿಗೆ ಅನ್ನಿಸಿದರೆ ಅವನನ್ನು ಬಯ್ದು ಫಲವಿಲ್ಲ. ಆದರೆ ಈ ಜಗಳದಲ್ಲಿ ಒಂದು ಸಂಗತಿ ಮರೆತುಹೋಗಿದೆ. ಸಿಂಥಸೈಜರ್ ಬರಿಯ ಬಾಯಿಯಲ್ಲ. ಅದಕ್ಕೊಂದು ಕಿವಿಯೂ ಇದೆ. ಬೇರೆಯವರ ದನಿಯನ್ನು ಒಳಗೆ ಕರೆದುಕೊಂಡು, ಅದರ ಬಣ್ಣ ಬದಲಿಸಿ ಹೊರಗೆ ಕಳಿಸುವ ದಾರಿಯೊಂದು ಅದರಲ್ಲಿ ಮೊದಲಿನಿಂದಲೂ ಇತ್ತು. ನಾವು ಹೆಚ್ಚಾಗಿ ಬಳಸಿದ್ದು ಬಾಯಿಯನ್ನು. ಕಿವಿಯ ಚರಿತ್ರೆ ಬೇರೆಯೇ ಇದೆ, ನಮ್ಮ ಸಂಗೀತಕ್ಕೆ ಹೆಚ್ಚು ಹತ್ತಿರವಾದದ್ದೂ ಅದೇ ಎಂಬುದು ನನ್ನ ಅನಿಸಿಕೆ.

ಇದನ್ನು ತಿಳಿಯಲು ಮೊದಲು ಪೇಟಿಯ ಕಥೆ ನೋಡಬೇಕು.

1997ರಲ್ಲಿ ಕೊಪ್ಪಳ ಜಿಲ್ಲೆಯಾಗುವ ತನಕ ರಾಯಚೂರಿಗೆ ಸೇರಿದ್ದ ಈ ಪ್ರದೇಶ ಪೇಟಿಯ ಪ್ರದೇಶ. ಗಜೇಂದ್ರಗಡ ದಾಟಿ ಪಶ್ಚಿಮಕ್ಕೆ ಹೋದರೆ ಗದಗಿನ ವೀರೇಶ್ವರ ಪುಣ್ಯಾಶ್ರಮ. ಅಲ್ಲಿ ಪಂಚಾಕ್ಷರಿ ಗವಾಯಿಗಳೂ ಅವರ ನಂತರ ಪುಟ್ಟರಾಜ ಗವಾಯಿಗಳೂ ನೂರಾರು ಅಂಧ ಮಕ್ಕಳಿಗೆ ಸಂಗೀತ ಕಲಿಸಿದರು, ನಾಟಕ ಕಂಪನಿಯನ್ನೂ ನಡೆಸಿದರು. ಇಳಕಲ್ ಹಾದು ಉತ್ತರಕ್ಕೆ ಹೋದರೆ ಹುಚ್ಚೇಶ್ವರ ನಾಟ್ಯ ಸಂಘದ ಕಮತಗಿ. ಕಂಪನಿ ನಾಟಕದಲ್ಲಿ ರಂಗದ ಎದುರಿಗೆ ಕುಳಿತು ಕಾಲಿನಿಂದ ಗಾಳಿ ಊದಿಸುತ್ತ ಎರಡೂ ಕೈಯಿಂದ ನುಡಿಸುವ ಪೇಟಿ ಮಾಸ್ತರನೇ ಅರ್ಧ ದಿಗ್ದರ್ಶಕ. ನಟ ಮಾತು ಮರೆತರೆ ಸ್ವರ ಹಿಡಿದು ದಡ ಮುಟ್ಟಿಸುವವನೂ ಅವನೇ.

ಇಂಥ ಪೇಟಿಯನ್ನು ಆಕಾಶವಾಣಿ 1940ರಲ್ಲಿ ಹೊರಗಿಟ್ಟಿತು. ಲಯನೆಲ್ ಫೀಲ್ಡನ್ ಎಂಬ ಇಂಗ್ಲಿಷ್ ಅಧಿಕಾರಿ ಆಗ ರೇಡಿಯೋದ ಮುಖ್ಯಸ್ಥ. ಜಾನ್ ಫೌಲ್ಡ್ಸ್ ಎಂಬ ಸಂಗೀತ ರಚನೆಗಾರ ಹಾರ್ಮೋನಿಯಂ ಭಾರತೀಯ ಸಂಗೀತಕ್ಕೆ ಕೇಡು ಎಂದು 1938ರಲ್ಲೇ ಬರೆದಿದ್ದ. ರವೀಂದ್ರನಾಥ ಟಾಗೂರರೂ ಆ ವಾದ್ಯವನ್ನು ಒಪ್ಪುತ್ತಿರಲಿಲ್ಲ. ಸ್ವಾತಂತ್ರ್ಯ ಬಂದು ಇಂಗ್ಲಿಷರು ಹೋದರೂ ನಿಷೇಧ ಹೋಗಲಿಲ್ಲ. 1950ರಲ್ಲಿ ಧಾರವಾಡ ಕೇಂದ್ರ ಶುರುವಾದಾಗ ಸುತ್ತಲ ನೂರು ಹಳ್ಳಿಗಳಲ್ಲಿ ಪೇಟಿ ನುಡಿಯುತ್ತಿತ್ತು, ರೇಡಿಯೋದಲ್ಲಿ ಮಾತ್ರ ಅದಕ್ಕೆ ಜಾಗವಿರಲಿಲ್ಲ. ಷರತ್ತುಗಳೊಂದಿಗೆ ಬಾಗಿಲು ಸ್ವಲ್ಪ ತೆರೆದದ್ದು 1971ರಲ್ಲಿ.

ವಿರೋಧಿಗಳ ವಾದ ಹೀಗಿತ್ತು. ಪೇಟಿಯ ಮನೆಗಳು ಸ್ಥಿರ. ಒಂದು ಮನೆಯಿಂದ ಇನ್ನೊಂದಕ್ಕೆ ನೆಗೆಯಬಹುದು, ಜಾರಲು ಬಾರದು. ಹಿಂದುಸ್ತಾನಿಯವರ ಮೀಂಡ್ ಆಗಲಿ, ಕರ್ನಾಟಕದವರ ಗಮಕವಾಗಲಿ ಎರಡು ಸ್ವರಗಳ ನಡುವಿನ ದಾರಿಯಲ್ಲಿ ಹುಟ್ಟುವಂಥದು. ಆ ದಾರಿಯೇ ಪೇಟಿಯಲ್ಲಿಲ್ಲ. ಜೊತೆಗೆ ಮನೆಗಳ ಅಳತೆಯೂ ಪಶ್ಚಿಮದ್ದು. ಸಪ್ತಕವನ್ನು 12 ಸಮಭಾಗ ಮಾಡಿ, ಒಂದೊಂದು ಭಾಗವನ್ನು 100 ಸೆಂಟು ಎಂದು ಎಣಿಸಿದರೆ, ತಂಬೂರಿಯೊಡನೆ ಬೆರೆಯುವ ಶುದ್ಧ ಗಾಂಧಾರಕ್ಕಿಂತ ಆ ಲೆಕ್ಕದ ಗಾಂಧಾರ ಸುಮಾರು 14 ಸೆಂಟು ಮೇಲಿರುತ್ತದೆ. ಒಳ್ಳೆಯ ಕಿವಿಗೆ ಇದು ಕಲ್ಲು ಸಿಕ್ಕ ಅನ್ನದಂತೆ.

ನಿಷೇಧ ಅನ್ಯಾಯವೆಂದು ನಾನು ನಂಬುತ್ತೇನೆ. ಪೇಟಿಯಿಂದಲೇ ಸಂಗೀತದ ರುಚಿ ಹತ್ತಿಸಿಕೊಂಡವರು ಲೆಕ್ಕವಿಲ್ಲದಷ್ಟು. ಬೆಳಗಾವಿಯ ರಾಮಭಾವು ಬಿಜಾಪುರೆಯವರಂಥ ಹಿರಿಯರು ಅದೇ ಮನೆಗಳ ಮೇಲೆ ಏನೇನು ಸಾಧ್ಯವೆಂದು ತೋರಿಸಿಯೂ ಇದ್ದಾರೆ. ಆದರೆ ವಾದ ಮಾತ್ರ ಪೊಳ್ಳಲ್ಲ. ಪೇಟಿಯ ಈ ಕೊರತೆಯನ್ನು ಕ್ಯಾಶಿಯೋ ಇಡಿಯಾಗಿ ಬಳುವಳಿ ಪಡೆಯಿತು. ಅಲ್ಲಿಯೂ ಕಪ್ಪು ಬಿಳಿ ಮನೆಗಳೇ, ಅಲ್ಲಿಯೂ ಅದೇ 12 ಭಾಗಗಳೇ.

ಈಗ ಸ್ವಲ್ಪ ಉತ್ತರಕ್ಕೆ, ಇಳಕಲ್ ದಾಟಿ ವಿಜಯಪುರಕ್ಕೆ ಹೋಗೋಣ. ಗೋಳಗುಮ್ಮಟದ ಮೇಲಿನ ಸುತ್ತು ಮೊಗಸಾಲೆಯಲ್ಲಿ ಗೋಡೆಗೆ ಬಾಯಿಟ್ಟು ಪಿಸುಗುಟ್ಟಿದರೆ ಸುಮಾರು 38 ಮೀಟರು ಆಚೆ, ಎದುರು ಗೋಡೆಗೆ ಕಿವಿಯಿಟ್ಟವನಿಗೆ ಅದು ಕೇಳುತ್ತದೆ. ಚಪ್ಪಾಳೆ ಹೊಡೆದರೆ ಏಳೆಂಟು ಸಲ ಮರಳುತ್ತದೆ. ಆ ಗುಮ್ಮಟ ತಾನಾಗಿ ಏನನ್ನೂ ನುಡಿಯದು. ಅದಕ್ಕೆ ಮನೆಗಳಿಲ್ಲ, ತಂತಿಯಿಲ್ಲ. ನೀವು ಕೊಟ್ಟದ್ದನ್ನು ತೆಗೆದುಕೊಂಡು, ತನ್ನ ಮೈಯಗಲದ ಗುರುತು ಹಾಕಿ ಹಿಂದಿರುಗಿಸುತ್ತದೆ. ನೀವು ಗಮಕ ಕೊಟ್ಟರೆ ಗಮಕವೇ ಬರುತ್ತದೆ. ನಾಟಕದ ಮೈಕಿನವರು ‘ಎಕೋ’ ತಿರುಗಿಸಿ ಖಳನಾಯಕನ ನಗುವನ್ನು ಮೂರು ಪಾಲು ಮಾಡುತ್ತಾರಲ್ಲ, ಅದು ಪೆಟ್ಟಿಗೆಯೊಳಗೆ ಇಳಿಸಿದ ಪುಟ್ಟ ಗೋಳಗುಮ್ಮಟ. ಹೊರಗಿನ ದನಿಯನ್ನು ಸಿಂಥಸೈಜರಿನ ಮೂಲಕ ಹಾಯಿಸುವುದು ಈ ಜಾತಿಯ ಕೆಲಸವೇ. ಗುಮ್ಮಟ ಒಂದೇ ಬಗೆಯ ಬದಲಾವಣೆ ಮಾಡಿದರೆ ಯಂತ್ರ ಹಲವು ಬಗೆ ಮಾಡುತ್ತದೆ, ಅಷ್ಟೇ ವ್ಯತ್ಯಾಸ.

ಸಿಂಥಸೈಜರಿನೊಳಗೆ ಮುಖ್ಯವಾಗಿ ಮೂರು ಕೆಲಸಗಾರರು. ಮೊದಲನೆಯವನು ಕಂಪನ ಹುಟ್ಟಿಸುವವನು, ಆಸಿಲೇಟರ್ ಎನ್ನುತ್ತಾರೆ. ಇವನು ಹುಟ್ಟಿಸುವ ದನಿ ಒರಟು, ಮೇಲುಸ್ವರಗಳಿಂದ ಕಿಕ್ಕಿರಿದದ್ದು. ಎರಡನೆಯವನು ಜರಡಿ ಹಿಡಿಯುವವನು, ಅಂದರೆ ಫಿಲ್ಟರ್. ಮೂರನೆಯವನು ನಲ್ಲಿ ತಿರುಗಿಸುವವನು. ದನಿ ಎಷ್ಟು ದೊಡ್ಡದಾಗಿ, ಎಷ್ಟು ಬೇಗ ಏರಿ ಎಷ್ಟು ನಿಧಾನ ಇಳಿಯಬೇಕು ಎಂಬುದು ಇವನ ಕೈಯಲ್ಲಿ. ಮನೆಗಳು ಬೇಕಾಗುವುದು ಮುಖ್ಯವಾಗಿ ಮೊದಲನೆಯವನಿಗೆ. ಅವನನ್ನು ಬದಿಗಿಟ್ಟು ಅವನ ಜಾಗದಲ್ಲಿ ಮೈಕಿನಿಂದ ಬಂದ ಹಾಡನ್ನೋ ವೀಣೆಯನ್ನೋ ಕೂಡಿಸಿದರೆ ಉಳಿದಿಬ್ಬರು ತಮ್ಮ ಕೆಲಸ ಎಂದಿನಂತೆ ಮಾಡಿಕೊಂಡು ಹೋಗುತ್ತಾರೆ. ಸ್ವರ ಎಲ್ಲಿ ನಿಲ್ಲಬೇಕು, ಎಲ್ಲಿ ಜಾರಬೇಕು ಎಂಬ ಅಧಿಕಾರ ಹಾಡುವವನ ಗಂಟಲಲ್ಲೇ ಉಳಿಯುತ್ತದೆ. ಇಡೀ ವಿಷಯದ ಗುಟ್ಟು ಇದೊಂದೇ.

ಜರಡಿ ಎಂದೆ. ತಂಬೂರಿ ಶ್ರುತಿ ಮಾಡಿದವರಿಗೆ ಇದನ್ನು ವಿವರಿಸಿ ಹೇಳಬೇಕಿಲ್ಲ. ಕುದುರೆಯ ಮೇಲೆ ತಂತಿಯ ಕೆಳಗೆ ನೂಲಿನ ಎಳೆಯನ್ನು ಕೂದಲೆಳೆಯಷ್ಟು ಹಿಂದೆ ಮುಂದೆ ಸರಿಸುತ್ತಾರೆ. ಒಂದು ಜಾಗದಲ್ಲಿ ತಂತಿ ತಟ್ಟನೆ ‘ಜೀವ’ ಪಡೆದು ಝೇಂಕರಿಸುತ್ತದೆ. ಸ್ವರ ಬದಲಾಗಿಲ್ಲ, ಅದರೊಳಗಿನ ಮೇಲುಸ್ವರಗಳ ಹಂಚಿಕೆ ಬದಲಾಗಿದೆ. ಸಿ.ವಿ. ರಾಮನ್ 1921ರಲ್ಲಿ ತಂಬೂರಿ, ವೀಣೆಗಳ ಮೇಲೆ ಒಂದು ಲೇಖನ ಬರೆದರು. ಮೀಟಿದ ಜಾಗದ ಕಾರಣಕ್ಕೆ ಇಲ್ಲವಾಗಬೇಕಿದ್ದ ಮೇಲುಸ್ವರಗಳೂ ಈ ಅಗಲ ಕುದುರೆಯ ವಾದ್ಯಗಳಲ್ಲಿ ಜೋರಾಗಿಯೇ ಕೇಳುತ್ತವೆ, ಯುರೋಪಿನ ವಾದ್ಯಗಳಿಂದ ಕಟ್ಟಿದ ನಿಯಮ ಇಲ್ಲಿ ನಡೆಯದು ಎಂದು ಅವರು ತೋರಿಸಿದರು. ಸಿಂಥಸೈಜರಿನ ಫಿಲ್ಟರಿನ ಗುಂಡಿ ತಿರುಗಿಸುವುದು ಕೂಡ ನೂಲೆಳೆ ಸರಿಸುವ ಕೆಲಸದ ದೂರದ ನೆಂಟ. ಮೇಲುಸ್ವರಗಳು ತುಂಬಿರುವ ದನಿ ಕೊಟ್ಟಷ್ಟೂ ಫಿಲ್ಟರಿಗೆ ಕೆಲಸ ಹೆಚ್ಚು. ಕೊಳಲಿನಂಥ ತಿಳಿದನಿಯಲ್ಲಿ ಜರಡಿ ಹಿಡಿಯಲು ಹೆಚ್ಚೇನೂ ಸಿಗುವುದಿಲ್ಲ. ಶಹನಾಯಿ, ಪಿಟೀಲು, ಕೊನೆಗೆ ನಮ್ಮ ಪೇಟಿಯ ರೀಡೂ ಸಮೃದ್ಧ ಬೆಳೆ.

ದನಿಯನ್ನು ಹೀಗೆ ಜರಡಿಗಳಲ್ಲಿ ಹಾಯಿಸುವ ಕೆಲಸ ಸಂಗೀತಗಾರರಿಂದ ಶುರುವಾದದ್ದಲ್ಲ, ಟೆಲಿಫೋನಿನವರಿಂದ. ಅಮೆರಿಕದ ಬೆಲ್ ಪ್ರಯೋಗಾಲಯದ ಹೋಮರ್ ಡಡ್ಲಿ 1928ರ ಹೊತ್ತಿಗೆ ಮಾತನ್ನು ಹತ್ತಾರು ಪಟ್ಟಿಗಳಾಗಿ ಸೀಳಿ, ಪ್ರತಿ ಪಟ್ಟಿಯ ಏರಿಳಿತವನ್ನಷ್ಟೇ ತಂತಿಯಲ್ಲಿ ಕಳಿಸಿ, ಆಚೆ ತುದಿಯಲ್ಲಿ ಮತ್ತೆ ಮಾತು ಕಟ್ಟುವ ಆಲೋಚನೆ ಮಾಡಿದ. ಸಮುದ್ರದಡಿಯ ಕೇಬಲಿನಲ್ಲಿ ಕಡಿಮೆ ಜಾಗದಲ್ಲಿ ಹೆಚ್ಚು ಮಾತು ಹೋಗಲಿ ಎಂಬ ಮಿತವ್ಯಯದ ಉದ್ದೇಶ. ಇದೇ ವೋಕೋಡರ್. 1939ರ ನ್ಯೂಯಾರ್ಕ್ ವಿಶ್ವಮೇಳದಲ್ಲಿ ಇದರ ತಂಗಿ ‘ವೋಡರ್’ ಹೆಣ್ಣುಮಕ್ಕಳ ಬೆರಳಿನಡಿ ಮಾತಾಡಿ ಜನರನ್ನು ಬೆರಗುಗೊಳಿಸಿತು. ಯುದ್ಧ ಬಂತು. 1943ರಿಂದ ಲಂಡನ್ ಮತ್ತು ವಾಷಿಂಗ್ಟನ್ ನಡುವಿನ ಗುಪ್ತ ಸಂಭಾಷಣೆ ನಡೆದದ್ದು ಈ ತತ್ವದ ಮೇಲೆ ಕಟ್ಟಿದ ಸಿಗ್‌ಸ್ಯಾಲಿ ಎಂಬ ಯಂತ್ರದಿಂದ. 50 ಟನ್ನಿನಷ್ಟು ತೂಗುತ್ತಿದ್ದ ಅದನ್ನು ಲಂಡನ್ನಿನಲ್ಲಿ ಸೆಲ್‌ಫ್ರಿಜಸ್ ಎಂಬ ಬಟ್ಟೆಬರೆಯ ದೊಡ್ಡ ಅಂಗಡಿಯ ನೆಲಮಾಳಿಗೆಯಲ್ಲಿ ಇಟ್ಟಿದ್ದರು. ಮೇಲೆ ಸೀರೆ ಅಂಗಡಿ, ಕೆಳಗೆ ಯುದ್ಧರಹಸ್ಯ ಎಂದು ಊಹಿಸಿಕೊಳ್ಳಿ.

ಸಂಗೀತದ ಸಿಂಥಸೈಜರ್ ಬಂದದ್ದು 1964ರಲ್ಲಿ, ರಾಬರ್ಟ್ ಮೂಗ್ ಎಂಬ ಎಂಜಿನಿಯರ್ ಹರ್ಬರ್ಟ್ ಡಾಯ್ಚ್ ಎಂಬ ರಚನೆಗಾರನ ಜೊತೆ ಸೇರಿ ಕಟ್ಟಿದಾಗ. ಮೂಗ್ ಪಿಯಾನೋ ಮಾದರಿಯ ಮನೆಗಳನ್ನು ಜೋಡಿಸಿದ. ಅದೇ ಹೊತ್ತಿಗೆ ಅಮೆರಿಕದ ಇನ್ನೊಂದು ಕರಾವಳಿಯಲ್ಲಿ ಡಾನ್ ಬುಕ್ಲಾ ಎಂಬವನು ಇಂಥದ್ದೇ ಯಂತ್ರ ಕಟ್ಟಿ, ಕಪ್ಪು ಬಿಳಿ ಮನೆ ಬೇಡವೇ ಬೇಡ ಎಂದು ಹಟ ಹಿಡಿದ. ಮಾರುಕಟ್ಟೆ ಮೂಗ್‌ನನ್ನು ಆರಿಸಿತು. ಸಿಂಥಸೈಜರ್ ಎಂದರೆ ಮನೆಗಳಿರುವ ಪೆಟ್ಟಿಗೆ ಎಂಬ ನಮ್ಮ ಕಲ್ಪನೆ ಹೀಗೆ ವ್ಯಾಪಾರದಿಂದ ಬಂದದ್ದೇ ಹೊರತು ಯಂತ್ರದ ಸ್ವಭಾವದಿಂದಲ್ಲ.

ಮೂಗ್ ಯಂತ್ರ ಭಾರತಕ್ಕೂ ಬೇಗನೆ ಬಂತು. 1969ರಲ್ಲಿ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ ಅಮೆರಿಕದ ಡೇವಿಡ್ ಟ್ಯೂಡರ್ ಒಂದು ಎಲೆಕ್ಟ್ರಾನಿಕ್ ಸಂಗೀತದ ಸ್ಟುಡಿಯೋ ಹೂಡಿಕೊಟ್ಟ. ಪಖವಾಜ್ ಬಲ್ಲ ಗೀತಾ ಸಾರಾಭಾಯಿ ಮೊದಲಾದವರು ಅಲ್ಲಿ ಕೆಲಸ ಮಾಡಿದರು. ಕೆಲವೇ ವರ್ಷಗಳಲ್ಲಿ ಸ್ಟುಡಿಯೋ ನಿಂತುಹೋಯಿತು. ಅಲ್ಲಿನ ಟೇಪುಗಳು ಅರ್ಧ ಶತಮಾನ ಕಳೆದ ಮೇಲೆ, 2023ರಲ್ಲಿ, ಧ್ವನಿಮುದ್ರಿಕೆಯಾಗಿ ಹೊರಬಂದವು. ಅಷ್ಟರಲ್ಲಿ ನಮ್ಮ ದೇಶಕ್ಕೆ ಸಿಂಥಸೈಜರ್ ಸಿನಿಮಾದ ದಾರಿಯಿಂದ, ಜಾತ್ರೆಯ ದಾರಿಯಿಂದ ಬಂದು ಹಳತೂ ಆಗಿತ್ತು.

ಪಶ್ಚಿಮದಲ್ಲಿ ಮಾತ್ರ ಯಂತ್ರದ ಕಿವಿಯನ್ನು ಬೇಗ ಕಂಡುಕೊಂಡರು. 1969ರಲ್ಲಿ ಲಂಡನ್ನಿನಲ್ಲಿ ತಯಾರಾದ ವಿಸಿಎಸ್-3 ಎಂಬ ಪುಟ್ಟ ಯಂತ್ರಕ್ಕೆ ಮನೆಗಳೇ ಇರಲಿಲ್ಲ. ಚುಚ್ಚುವ ಗೂಟಗಳ ಒಂದು ಹಲಗೆ, ಒಂದು ಕೈಕಡ್ಡಿ, ಹೊರಗಿನ ದನಿಗೆ ಪ್ರವೇಶ, ಇಷ್ಟು. ರಾಕ್ಸಿ ಮ್ಯೂಸಿಕ್ ತಂಡದಲ್ಲಿ ಬ್ರಯನ್ ಈನೋ 1972ರ ಸುಮಾರಿಗೆ ಇದರ ಮುಂದೆ ಕುಳಿತು ಗೆಳೆಯರು ನುಡಿಸುತ್ತಿದ್ದ ವಾದ್ಯಗಳನ್ನೇ ಒಳಗೆಳೆದುಕೊಂಡು ತಿರುಚಿ ಹೊರಬಿಡುತ್ತಿದ್ದ. ತಾನು ನುಡಿಸದೆ ಬೇರೆಯವರ ನುಡಿಯನ್ನು ನುಡಿಸುವ ವಿಚಿತ್ರ ವಾದ್ಯಗಾರ! 1970ರ ಮಿನಿಮೂಗ್‌ನಲ್ಲೂ ಹೊರಗಿನ ದನಿಗೆಂದು ಒಂದು ಗುಂಡಿ, ಹೆಚ್ಚಾದರೆ ಎಚ್ಚರಿಸುವ ಒಂದು ದೀಪ ಇತ್ತು. ಚಾಣಾಕ್ಷರು ಅದರ ಹೆಡ್‌ಫೋನಿನ ತಂತಿಯನ್ನೇ ಸುತ್ತಿಸಿ ಮತ್ತೆ ಅದರ ಕಿವಿಗೆ ಚುಚ್ಚಿ ದನಿಯನ್ನು ದಪ್ಪ ಮಾಡಿಕೊಂಡರು. ಅದೇ 1970ರ ಸುಮಾರಿಗೆ ವೆಂಡಿ ಕಾರ್ಲೋಸ್ ವೋಕೋಡರನ್ನು ಮೂಗ್‌ನೊಂದಿಗೆ ಜೋಡಿಸಿ ಮನುಷ್ಯಕಂಠದಿಂದ ಯಂತ್ರವನ್ನು ಹಾಡಿಸಿದರು. ಸ್ಟ್ಯಾನ್ಲಿ ಕ್ಯೂಬ್ರಿಕ್‌ನ 1971ರ ಚಿತ್ರ ‘ಎ ಕ್ಲಾಕ್‌ವರ್ಕ್ ಆರೆಂಜ್’ನಲ್ಲಿ ಬೀಥೋವನ್ ಹಾಗೆ ಕೇಳಿಬಂದ. ‘ಸ್ಟಾರ್ ವಾರ್ಸ್’ ನೋಡಿದ ಮಕ್ಕಳಿಗೆ ಆ ಗಿಡ್ಡ ಯಂತ್ರಮಾನವನ ಕಿಚಪಿಚ ನೆನಪಿರಬೇಕು. 1977ರಲ್ಲಿ ಬೆನ್ ಬರ್ಟ್ ಎಂಬ ಧ್ವನಿತಜ್ಞ ತನ್ನ ಬಾಯಿಯ ಸದ್ದನ್ನೂ ಎಆರ್‌ಪಿ 2600 ಎಂಬ ಸಿಂಥಸೈಜರನ್ನೂ ಬೆರೆಸಿ ಮಾಡಿದ್ದು ಅದು. ಯಂತ್ರ ಒಂದೇ ಮಾಡಿದ್ದರೆ ಅಷ್ಟು ಮುದ್ದು ಬರುತ್ತಿರಲಿಲ್ಲ.

ನಮ್ಮ ದೃಷ್ಟಿಯಿಂದ ಎಲ್ಲಕ್ಕಿಂತ ಕುತೂಹಲದ್ದು 1978ರಲ್ಲಿ ಜಪಾನಿನ ಕೊರ್ಗ್ ಕಂಪನಿ ತಂದ ಎಂಎಸ್-20. ಇದರಲ್ಲಿ ಹೊರಗಿನ ದನಿಗಾಗಿಯೇ ಒಂದು ವಿಭಾಗ ಇತ್ತು. ಬಂದ ದನಿಯನ್ನು ಅದು ಮೊದಲು ಬಲಪಡಿಸುತ್ತದೆ. ಮೇಲಿನದನ್ನೂ ಕೆಳಗಿನದನ್ನೂ ಕತ್ತರಿಸಿ ನಡುವಿನದನ್ನು ಉಳಿಸುತ್ತದೆ. ಆಮೇಲೆ ಎರಡು ಪ್ರಶ್ನೆ ಕೇಳುತ್ತದೆ. ದನಿ ಎಷ್ಟು ದೊಡ್ಡದು? ಯಾವ ಸ್ವರದ್ದು? ಎರಡಕ್ಕೂ ಉತ್ತರ ವಿದ್ಯುತ್ತಿನ ಒತ್ತಡವಾಗಿ ಹೊರಬರುತ್ತದೆ. ಆ ಒತ್ತಡ ಯಂತ್ರದ ಸ್ವಂತ ಆಸಿಲೇಟರನ್ನು ಆಳುತ್ತದೆ. ಅಂದರೆ ಹಾಡುಗಾರ ‘ಸಾ’ ಎಂದರೆ ಯಂತ್ರವೂ ತನ್ನದೇ ದನಿಯಲ್ಲಿ ‘ಸಾ’ ಎನ್ನುತ್ತದೆ, ಅವನು ಜಾರಿದರೆ ಅದೂ ಜಾರುತ್ತದೆ. ಸಾರಂಗಿಯವನು ಗಾಯಕನ ನೆರಳಿನಂತೆ ಹಿಂಬಾಲಿಸುತ್ತಾನಲ್ಲ, ಹಾಗೆ. ಕಾಗದದ ಮೇಲೆ ಇದು ಪೇಟಿಯ ಕೊರತೆಗೆ ಸಿಕ್ಕ ಪರಿಹಾರ.

ಕಾಗದದ ಮೇಲೆ ಎಂದೆ. ನಿಜದಲ್ಲಿ ಈ ಸಾರಂಗಿಯವನು ಸ್ವಲ್ಪ ಎಡವುತ್ತಾನೆ. ಕಪ್ಪು ಒಂದರಲ್ಲಿ ಹಾಡುವ ಗಂಡಸಿನ ಷಡ್ಜಕ್ಕೆ ಸೆಕೆಂಡಿಗೆ ಸುಮಾರು 138 ಕಂಪನ. ಒಂದು ಕಂಪನ ಮುಗಿಯಲು ಸೆಕೆಂಡಿನ ಸಾವಿರದ 7 ಪಾಲು ಬೇಕು. ಇದು ಯಾವ ಸ್ವರವೆಂದು ತಿಳಿಯಲು ಯಂತ್ರ ಒಂದೆರಡು ಕಂಪನವನ್ನಾದರೂ ಕಾಯಲೇಬೇಕು. ನಿಂತ ಸ್ವರಕ್ಕೆ ಈ ವಿಳಂಬ ತಿಳಿಯದು. ವೇಗದ ತಾನಿನಲ್ಲಿ ಯಂತ್ರ ಹಿಂದೆ ಬಿದ್ದು ಏದುಸಿರು ಬಿಡುತ್ತದೆ. ಮೇಲುಸ್ವರ ಜೋರಾಗಿದ್ದರೆ ಅದನ್ನೇ ಮೂಲವೆಂದು ತಿಳಿದು ತಾರಕ್ಕೆ ನೆಗೆಯುತ್ತದೆ. ತಂಬೂರಿಯೂ ಅದೇ ಮೈಕಿನಲ್ಲಿ ಬಿದ್ದರಂತೂ ಯಾರನ್ನು ಹಿಂಬಾಲಿಸಬೇಕೆಂದು ತಿಳಿಯದೆ ತಬ್ಬಿಬ್ಬಾಗುತ್ತದೆ. ತಂಬೂರಿಯ ಶ್ರೀಮಂತಿಕೆಯೇ ಇಲ್ಲಿ ಅಡ್ಡಿ. ಹಾಗಾಗಿ ಸ್ವರ ಗುರುತಿಸುವ ಗೋಜಿಗೆ ಹೋಗದೆ, ಬರಿಯ ಜರಡಿ ಮತ್ತು ನಲ್ಲಿಗಳ ಮೂಲಕ ದನಿಯನ್ನು ಹಾಯಿಸುವ ಹಳೆಯ ದಾರಿಯೇ ನಮ್ಮ ಸಂಗೀತಕ್ಕೆ ಹೆಚ್ಚು ಕ್ಷೇಮ.

ಇಲ್ಲಿ ಒಂದು ಗೊಂದಲ ನಿವಾರಿಸಬೇಕು. ಹೊರಗಿನ ದನಿ ಕೀಬೋರ್ಡಿನೊಳಗೆ ಬರುವ ಇನ್ನೊಂದು ದಾರಿ ಸ್ಯಾಂಪ್ಲಿಂಗ್. 1980ರ ದಶಕದ ನಡುವಿನಲ್ಲಿ ಕ್ಯಾಶಿಯೋ ಕಂಪನಿಯೇ ಎಸ್‌ಕೆ-1 ಎಂಬ ಆಟಿಕೆಯಂಥ ಪೆಟ್ಟಿಗೆ ತಂದಿತು. ಅದಕ್ಕೆ ಮೈಕು ಇತ್ತು. ನಾಯಿ ಬೊಗಳಿದ್ದನ್ನು ಸುಮಾರು 1.4 ಸೆಕೆಂಡಿನಷ್ಟು ಹಿಡಿದಿಟ್ಟುಕೊಂಡು ಮನೆಗಳ ಮೇಲೆ ಬೊಗಳಿಸಬಹುದಿತ್ತು. ಇದು ದನಿಯನ್ನು ಕರೆದುಕೊಂಡದ್ದಲ್ಲ, ಸೆರೆಹಿಡಿದದ್ದು. ಶಹನಾಯಿಯ ಒಂದು ಸ್ವರ ಹಿಡಿದು 12 ಮನೆಗಳಿಗೆ ಹಂಚಿದರೆ ಬಣ್ಣ ಶಹನಾಯಿಯದು, ನಡಿಗೆ ಪೇಟಿಯದು. ನಾಟಕದ ಕ್ಯಾಶಿಯೋದಲ್ಲಿ ಕೇಳುವ ಶಹನಾಯಿಯೂ ಬಹುಮಟ್ಟಿಗೆ ಇಂಥದೇ. ಕೇಳಿದವರಿಗೆ ಏನೋ ಸರಿಯಿಲ್ಲ ಅನ್ನಿಸುವುದು ಅದಕ್ಕೇ. ನುಡಿಸುವವನ ಉಸಿರು ಇದ್ದ ಜಾಗದಲ್ಲಿ ಈಗ ಉಸಿರಿನ ಒಂದು ಫೋಟೋ ಇದೆ. ಮನೆಗಳನ್ನು ಇಟ್ಟುಕೊಂಡೇ ಜಾರುವ ಪ್ರಯತ್ನಗಳೂ ಆಗಿವೆ. ಮುಂಬಯಿಯ ಸಿನಿಮಾ ವಾದ್ಯಗಾರ ಚರಣ್‌ಜಿತ್ ಸಿಂಗ್ 1982ರಲ್ಲಿ ರೋಲ್ಯಾಂಡ್ ಯಂತ್ರಗಳ ಮೇಲೆ ಹತ್ತು ರಾಗಗಳನ್ನು ಡಿಸ್ಕೋ ತಾಳಕ್ಕೆ ನುಡಿಸಿದರು. ಒಂದು ಮನೆಯಿಂದ ಇನ್ನೊಂದಕ್ಕೆ ಜಾರಿಸುವ ಸೌಲಭ್ಯವೇ ಅಲ್ಲಿ ಮೀಂಡಿನ ಕೆಲಸ ಮಾಡಿದೆ. ಆಗ ಯಾರೂ ಕೇಳಲಿಲ್ಲ, ಈಗ ಪಶ್ಚಿಮದವರು ಹುಡುಕಿಕೊಂಡು ಕೇಳುತ್ತಾರೆ.

ಬೆಂಗಳೂರಿನಲ್ಲಿ 1970ರ ದಶಕದ ಕೊನೆಗೆ ಕೊಳಲು ವಾದಕರೂ ಎಂಜಿನಿಯರರೂ ಆದ ಜಿ. ರಾಜನಾರಾಯಣ್ ಎಲೆಕ್ಟ್ರಾನಿಕ್ ತಂಬೂರಿ ಕಟ್ಟಿದರು. ಅವರ ರೇಡೆಲ್ ಪೆಟ್ಟಿಗೆಗಳು ಕಛೇರಿಗಳಿಗೂ ಪಾಠದ ಮನೆಗಳಿಗೂ ಬಂದವು. ಅದೂ ದನಿ ಹುಟ್ಟಿಸುವ ಯಂತ್ರವೇ, ದನಿ ಕೇಳುವ ಯಂತ್ರವಲ್ಲ. ಆದರೆ ಎಲೆಕ್ಟ್ರಾನಿಕ್ಸನ್ನು ನಮ್ಮ ಸಂಗೀತದ ಅಗತ್ಯದಿಂದ ಹೊರಡಿಸಿ ಮಾಡಿದರೆ ಅದು ಒಗ್ಗುತ್ತದೆ ಎಂಬುದಕ್ಕೆ ಕನ್ನಡನಾಡಿನಲ್ಲೇ ಸಿಕ್ಕ ಸಾಕ್ಷಿ.

ಈ ಮಾತಿಗೆ ಇಂದು ತುರ್ತು ಬಂದಿರುವುದು ಇನ್ನೊಂದು ಕಾರಣಕ್ಕೆ. ತೈಲ ಶೋಧನೆಯಲ್ಲಿ ಭೂಗರ್ಭದ ಕಂಪನಗಳನ್ನು ವಿಶ್ಲೇಷಿಸುತ್ತಿದ್ದ ಆಂಡಿ ಹಿಲ್ಡೆಬ್ರಾಂಡ್ 1997ರಲ್ಲಿ ಆಟೋಟ್ಯೂನ್ ಎಂಬ ಸಾಫ್ಟ್‌ವೇರ್ ತಂದ. ಹಾಡುಗಾರನ ಸ್ವರ ಯಾವುದೆಂದು ಗುರುತಿಸಿ, ತಪ್ಪಿದ್ದರೆ ಹತ್ತಿರದ ಸರಿಸ್ಥಾನಕ್ಕೆ ದೂಡುತ್ತದೆ. ಮರುವರ್ಷ ಶೆರ್ ಎಂಬ ಗಾಯಕಿಯ ಹಾಡೊಂದರಲ್ಲಿ ದೂಡುವ ವೇಗವನ್ನು ಬೇಕೆಂದೇ ಅತಿ ಮಾಡಿದ್ದರಿಂದ ಕಂಠ ಮೆಟ್ಟಿಲು ಹತ್ತಿಳಿದಂತೆ ಕೇಳಿತು, ಲೋಕಕ್ಕೆ ಅದು ಇಷ್ಟವಾಯಿತು. ಇದೂ ಹೊರಗಿನ ದನಿಯನ್ನು ಯಂತ್ರದ ಮೂಲಕ ಹಾಯಿಸುವುದೇ. ಆದರೆ ಸರಿಸ್ಥಾನ ಎಂದರೆ ಸಾಮಾನ್ಯವಾಗಿ ಅದೇ 12 ಸಮಭಾಗಗಳು. 1940ರಲ್ಲಿ ಮನೆಗಳಿವೆ ಎಂಬ ಕಾರಣಕ್ಕೆ ಒಂದು ಪೆಟ್ಟಿಗೆಯನ್ನು ರೇಡಿಯೋದಿಂದ ಹೊರಗೆ ಕಳಿಸಿದ ದೇಶದಲ್ಲಿ ಈಗ ಕಂಠದೊಳಗೇ ಮನೆಗಳನ್ನು ಹೂಡುತ್ತಿದ್ದೇವೆ. ವೇಗ ಹೆಚ್ಚಿಸಿದ ಆಟೋಟ್ಯೂನಿನಲ್ಲಿ ತೋಡಿಯ ಗಾಂಧಾರವನ್ನು ಆಂದೋಲಿಸಿ ನೋಡಿ. ಆಂದೋಲನ ಹೋಗಿ ಎರಡು ಮನೆಗಳ ನಡುವಿನ ಕುಪ್ಪಳಿಕೆ ಉಳಿಯುತ್ತದೆ. ಸೌಮ್ಯವಾಗಿ ಬಳಸುವ, ಗಮಕದ ಜಾಗದಲ್ಲಿ ಕೈಯೆತ್ತಿಬಿಡುವ ಜಾಣ ತಂತ್ರಜ್ಞರೂ ಇದ್ದಾರೆನ್ನಿ. ಅವಸರದ ಸ್ಟುಡಿಯೋದಲ್ಲಿ ಅಷ್ಟು ವ್ಯವಧಾನ ಎಲ್ಲಿಯದು?

ಕೊರ್ಗ್ ಕಂಪನಿ 2013ರಲ್ಲಿ ಎಂಎಸ್-20ನ್ನು ಚಿಕ್ಕ ಗಾತ್ರದಲ್ಲಿ, ಅದೇ ಹೊರದನಿಯ ವಿಭಾಗದೊಂದಿಗೆ, ಮತ್ತೆ ಮಾರಲು ತಂದಿತು. ಅದೂ ಬೇಡವೆಂದರೆ ಫಿಲ್ಟರು, ನಲ್ಲಿ, ವೋಕೋಡರುಗಳೆಲ್ಲ ಈಗ ಕಂಪ್ಯೂಟರಿನಲ್ಲಿ ಸಾಫ್ಟ್‌ವೇರ್ ಆಗಿ ಸಿಗುತ್ತವೆ. ಪ್ರಯೋಗ ಮಾಡುವ ಪೇಟಿ ಮಾಸ್ತರರಿದ್ದರೆ ಮೈಕನ್ನು ಪೇಟಿಯ ರೀಡಿನ ಹತ್ತಿರ, ತಬಲಾಕ್ಕೆ ಬೆನ್ನು ಮಾಡಿ ಇಡಬೇಕು. ಮೊದಲಿಗೆ ಆಸಿಲೇಟರುಗಳನ್ನು ಪೂರ್ತಿ ಮುಚ್ಚಿಬಿಡಬೇಕು. ಫಿಲ್ಟರಿನ ಗುಂಡಿಯನ್ನು ಕೆಳಗಿನಿಂದ ಮೇಲಕ್ಕೆ, ತಂಬೂರಿಯ ನೂಲೆಳೆ ಸರಿಸುವಷ್ಟು ನಿಧಾನವಾಗಿ ತಿರುಗಿಸಬೇಕು. ಮೊದಲು ಗೋಡೆಯಾಚೆಯ ಗುನುಗು, ಆಮೇಲೆ ಬಾಯಿ ತೆರೆದಂತೆ ‘ಊ’ಕಾರದಿಂದ ‘ಆ’ಕಾರ, ಕೊನೆಗೆ ಪೇಟಿಯ ಪೂರ್ಣ ದನಿ. ಪೇಟಿಗೆ ಹೀಗೂ ಜೀವ ಬರುತ್ತದೆ. ಮೀಂಡು ಮಾತ್ರ ಬಾರದು. ಅದು ಬೇಕಾದರೆ ಮೈಕನ್ನು ಪಿಟೀಲಿನವನ ಮುಂದೆ ಇಡಬೇಕು, ಅದಕ್ಕೆ ಪಿಟೀಲಿನವನನ್ನು ನಾಟಕಕ್ಕೆ ಮರಳಿ ಕರೆಯಬೇಕು.